ಎಡಗಿಸೆ

ಬೆಳಿಗ್ಗೆಯಿಂದ ಎರ್ಮಿಂದಾ ತನ್ನನ್ನು ಹೆಸರು ಹಿಡಿದು ಕರೆದಿಲ್ಲ ಎಂಬುದು ಡೆಲ್ಫೋರ್ ಕನೇಪಾನಿಗೆ ಹೊಳೆದಾಗ ಅವನು ಬಗ್ಗಿ ಶೂಸಿನ ಲಾಡಿ ಕಟ್ಟುತ್ತಿದ್ದ. ಎಬ್ಬಿಸುವಾಗ "ಏ, ಹೊತ್ತಾಯ್ತು" ಅಂದಿದ್ದಳು. ಯೆರ್ಬಾ ಎಲೆಯ ಕಷಾಯ ತುಂಬಿದ ಸೋರೆಬುರುಡೆಯನ್ನು ಮುಂದೆ ಹಿಡಿದು "ತಗೋ, ಆರಿಹೋಗುತ್ತೆ" ಅಂದಿದ್ದಳು. ಮದುವೆಯಾದಾಗಿನಿಂದ ಹಿತ್ತಿಲಲ್ಲಿ ನಿಂತು ಬೀದಿಗೆ ಕೇಳುವಂತೆ ಅವನ ಹೆಸರು ಕೂಗುತ್ತ ಬಂದವಳು ಅವಳು. ಅದಕ್ಕಾಗಿ ಪಕ್ಕದ ಮನೆಯವರೊಡನೆ ಜಗಳವೂ ಆಗಿತ್ತು. ನಿನ್ನೆ ಕರೆದಿದ್ದಳೆ? ಮೊನ್ನೆ? ನೆನಪಿಗೆ ಬರಲಿಲ್ಲ. ಹೆಸರು ಕರೆಸಿಕೊಂಡದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಆದರೆ ಈಚೆಗೆ ಅವನು ನೆನಪಿಟ್ಟುಕೊಳ್ಳುತ್ತಿದ್ದ. ಸ್ಪೇನಿನ ಗಲ್ಲೀಸಿಯಾದಿಂದ ಬಂದು ಮೂಲೆಯಲ್ಲಿ ಅಂಗಡಿ ಇಟ್ಟವನು ಮೊನ್ನೆಯಷ್ಟೇ "ಕನೇಪಾ, ಎಣ್ಣೆ ಬಂದಿದೆ ನೋಡು" ಅಂದಿದ್ದ. ಅವನಿಗೆ ಸುದ್ದಿ ತಲುಪಿಲ್ಲ ಎಂದು ಡೆಲ್ಫೋರ್ ಅಂದೇ ಗುರುತು ಹಾಕಿಕೊಂಡಿದ್ದ.

"ಸಂಜೆ ನಾನು ಅಕ್ಕನ ಮನೇಲಿರ್ತೀನಿ," ಎಂದಳು ಎರ್ಮಿಂದಾ. "ಅವಳ ರೇಡಿಯೋ ನಮ್ಮದರ ಹಾಗೆ ಕೆಮ್ಮಲ್ಲ. ನೀನೇ ಮೊದಲು ಮನೆಗೆ ಬಂದ್ರೆ ಬೀಗದ ಕೈ ಇರಲಿ." ಹೇಳುತ್ತಲೇ ತಾನೇ ಅವನ ಪ್ಯಾಂಟಿನ ಎಡಗಡೆಯ ಕಿಸೆಗೆ ಅದನ್ನು ಇಳಿಬಿಟ್ಟಳು. ಹಳೆಯ ಕಾಲದ ಕಬ್ಬಿಣದ ಕೈ, ಬೆರಳುದ್ದ, ಭಾರ.

"ಎಡಗಡೆ ಯಾಕೆ?"

"ಬಲಗಡೇದು ತೂತು. ಹೊಲಿಯೋಕೆ ಬಿಚ್ಚಿ ಕೊಟ್ಟಿದ್ರೆ ತಾನೆ?"

ಬೀದಿಗೆ ಇಳಿದ ಮೇಲೆ ಬಲಗಿಸೆಗೆ ಬೆರಳು ಹಾಕಿ ನೋಡಿದ. ತೂತು ನಿಜಕ್ಕೂ ಇತ್ತು; ಹೆಬ್ಬೆರಳು ತೂರುವಷ್ಟು. ಅದರಿಂದ ಏನೂ ಸಾಬೀತಾಗಲಿಲ್ಲ. ಅನಿಷ್ಟದವನ ಹೆಸರು ಕಿವಿಗೆ ಬಿದ್ದರೆ ಗಂಡಸು ಎಡಗೈಯನ್ನು ಕಿಸೆಗೆ ಇಳಿಸಿ ಒಳಗೆ ಸಿಕ್ಕಿದ ಕಬ್ಬಿಣವನ್ನು ಮುಟ್ಟಬೇಕು; ಕಬ್ಬಿಣವಿಲ್ಲದಿದ್ದರೆ, ಇನ್ನೂ ಆಚೆ ಚಾಚಿ, ಗಂಡಸಾಗಿ ಹುಟ್ಟಿದ್ದಕ್ಕೆ ದೇವರು ಕೊಟ್ಟದ್ದನ್ನು ಮುಟ್ಟಬೇಕು. ಬ್ಯೂನಸ್ ಐರಿಸ್‌ನಲ್ಲಿ ಇದು ಮಂತ್ರಿಗೂ ಗೊತ್ತು, ಮೂಟೆ ಹೊರುವವನಿಗೂ ಗೊತ್ತು. ಟ್ಯಾಂಗೊ ಆರ್ಕೆಸ್ಟ್ರಾಗಳಲ್ಲಿ ಇದು ಶ್ರುತಿ ಮಾಡಿಕೊಳ್ಳುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ನಡೆಯುತ್ತದೆ. ಕಾಲ್ಗುಣ ಸರಿಯಿಲ್ಲದವರು ಎಲ್ಲ ಊರಲ್ಲೂ ಇರುತ್ತಾರೆ. ಈ ಊರಿನ ವಿಶೇಷವೆಂದರೆ ಅಂಥವರ ಹೆಸರನ್ನು ಆಮೇಲೆ ಯಾರೂ ಹೇಳುವುದಿಲ್ಲ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಕೆಲಸದಿಂದಲೂ ತೆಗೆಯುವುದಿಲ್ಲ. ಹೆಸರೊಂದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಅವನ ವಿಷಯದಲ್ಲಿ ಅದು ಶುರುವಾದದ್ದು ಒಳ್ಳೆಯ ಮಾತಿನಿಂದ. ಆವೆಲ್ಯಾನೆಡಾದ ಕ್ಲಬ್ಬಿನಲ್ಲಿ ವೇದಿಕೆ ಹತ್ತುವ ಮೊದಲು "ಇವತ್ತು ಸಲೀಸಾಗಿ ನಡೆಯುತ್ತೆ ನೋಡ್ರೋ" ಅಂದಿದ್ದ. ಎರಡನೆಯ ಹಾಡಿಗೆ ಇಡೀ ಬಡಾವಣೆಯ ದೀಪ ಹೋಯಿತು. ರೊಸಾರಿಯೊದಲ್ಲಿ ಗಾಯಕನ ಬೆನ್ನು ತಟ್ಟಿ "ನಿನ್ನ ಗಂಟಲು ಇವತ್ತು ಗಂಟೆ ಇದ್ದ ಹಾಗಿದೆ" ಅಂದ. ಸಂಜೆಗೆ ಗಂಟಲು ಕಟ್ಟಿತು. ಮೊಂಟೆವಿಡಿಯೊಗೆ ಹೋಗುವ ಹಡಗಿನಲ್ಲಿ ನದಿ ಶಾಂತವಾಗಿದೆ ಎಂದಷ್ಟೇ ಅಂದದ್ದು. ಹಡಗು ಮರಳಿನಲ್ಲಿ ಹೂತು ಮರುದಿನದವರೆಗೆ ಅಲುಗಲಿಲ್ಲ. ಆಗಲೇ, ತೊಡೆಯ ಮೇಲಿಟ್ಟು ತಿದಿ ಎಳೆದು ನುಡಿಸುವ ಬಂಡೋನಿಯನ್ನಿನವರ ಮುಖ್ಯಸ್ಥ ಬಾಲ್ಡೊಮೇರೊ, ಡೆಲ್ಫೋರನ ಜೊತೆ ಒಂದೇ ಬೀದಿಯಲ್ಲಿ ಬೆಳೆದ ಬಾಲ್ಡೊ, ಕಟಕಟೆಗೆ ಒರಗಿಕೊಂಡು ಅಂದಿದ್ದ: "ಇವನು ಚೆನ್ನಾಗಿದೆ ಅಂದ್ರೆ ಮುಗೀತು ಮಾರಾಯ. ಹೆಣಕ್ಕೂ ಜ್ವರ ಬರುತ್ತೆ." ಎಲ್ಲರೂ ನಕ್ಕರು. ಡೆಲ್ಫೋರ್ ಎಲ್ಲರಿಗಿಂತ ಜೋರಾಗಿ ನಕ್ಕ. ಅದಾದ ಮೇಲೆ ಅವನು ಯಾವುದನ್ನೂ ಚೆನ್ನಾಗಿದೆ ಅನ್ನುವುದನ್ನು ಬಿಟ್ಟ. ಮುಖ ಬಿಗಿದುಕೊಂಡು, ಹವೆಯನ್ನು ಬೈಯುತ್ತ, ಸೂಪಿಗೆ ಉಪ್ಪಿಲ್ಲ ಎನ್ನುತ್ತ ಓಡಾಡಿದ. ಅದರಿಂದ ಏನೂ ಉಪಯೋಗವಾಗಲಿಲ್ಲ. ಅನಿಷ್ಟದ ಜೊತೆಗೆ ಸಿಡುಕ ಎಂಬ ಹೆಸರೂ ಬಂತು. ಬೇಸ್, ಅಂತ ಕರೆಯತೊಡಗಿದರು. ಬೇಸ್, ಇಲ್ಲಿ ಬಾ. ಬೇಸ್‌ಗೆ ಹೇಳು. ಅವನು ನುಡಿಸುವ, ಅವನಿಗಿಂತ ಎತ್ತರವಾದ, ಸೊಂಟವಿರುವ, ಮೂಲೆಗೆ ಒರಗಿಸಿ ಇಡಬಹುದಾದ ಆ ಮರದ ತಂತಿವಾದ್ಯದ ಹೆಸರು.

ರೇಡಿಯೋ ನಿಲಯದ ತಾಲೀಮು ಕೋಣೆಯಲ್ಲಿ ಡಾನ್ ರೊಮುಲೊ ಪಿಯಾನೊ ಮುಂದೆ ಕೂತು ಹಾಳೆ ಜೋಡಿಸುತ್ತಿದ್ದರು. ಆರ್ಕೆಸ್ಟ್ರಾ ಅವರದು, ದನಿ ಎತ್ತದೆ ಆಳುವ ಮನುಷ್ಯ.

"ನಿನ್ನ ಟ್ಯಾಂಗೊ ಗಟ್ಟಿಯಾಗಿದೆಯಪ್ಪ," ಎಂದರು. "ಸಂಜೆಗೆ ಹಾಕಿದೀನಿ. ಮಾತಿಲ್ಲದ ಟ್ಯಾಂಗೊಗೆ ಈಗ ಬೇಡಿಕೆ ಕಮ್ಮಿ, ಎಲ್ಲರಿಗೂ ಗಾಯಕ ಬೇಕು. ಇದಕ್ಕೆ ಬೇಡ. ಇದು ತಾನೇ ಹೇಳುತ್ತೆ. ಆದ್ರೆ ಮಧ್ಯೆ ನಾಲ್ಕು ಆವರ್ತ ಇದೆಯಲ್ಲ, ನಿನ್ನ ಬೇಸ್ ಒಂದೇ ನಡೆಯೋದು, ಅಲ್ಲಿ ಉಳಿದವರಿಗೂ ಏನಾದ್ರೂ ಬರಿ."

"ಅಲ್ಲಿ ಎಲ್ಲರೂ ಸುಮ್ಮನಿರಬೇಕು ಮೇಷ್ಟ್ರೇ. ಸುಮ್ಮನಿದ್ರೇನೇ ಅದು."

"ವಾದ್ಯ ಸುಮ್ಮನಿರುತ್ತೆ. ಕೈ ಸುಮ್ಮನಿರಲ್ಲ."

ಡೆಲ್ಫೋರನಿಗೆ ಅರ್ಥವಾಗಲಿಲ್ಲ. ಬಾಲ್ಡೊ ಬಂಡೋನಿಯನ್ನಿನ ತೊಗಲಿನ ಪಟ್ಟಿಯಿಂದ ಎಡಗೈ ಬಿಡಿಸಿಕೊಂಡು ಬೆರಳಾಡಿಸಿ ತೋರಿಸಿದ. "ಮೇಷ್ಟ್ರು ಹೇಳೋದು ಏನಂದ್ರೆ, ಮುಂದಿನ ಸಾಲಲ್ಲಿ ಹೆಂಗಸರು ಕೂತಿರ್ತಾರೆ. ನೀನೊಬ್ಬನೇ ನುಡಿಸ್ತಾ ಇದ್ದು, ನಮ್ಮೆಲ್ಲರ ಕೈ ಖಾಲಿ ಇದ್ರೆ, ಇಷ್ಟು ಜನ ಗಂಡಸರು ಟೈ ಕಟ್ಕೊಂಡು ಒಟ್ಟಿಗೆ ಕಿಸೆಗೆ ಕೈ ಹಾಕ್ತೀವಿ. ನೋಡೋಕೆ ಚೆಂದ ಇರುತ್ತಾ?"

"ಹಾಕಬೇಡಿ."

"ಸೀನು ಬಂದಾಗ ಸೀನಬೇಡ ಅಂದ್ರೆ ಆಗುತ್ತಾ ಮಾರಾಯ?"

ಪಿಟೀಲಿನವರ ಸಾಲಿನಿಂದ ಯಾರೋ ಕಿಸಕ್ಕೆಂದರು. ಡಾನ್ ರೊಮುಲೊ ನಗಲಿಲ್ಲ. ಇನ್ನೊಂದು ವಿಷಯವಿತ್ತು. ಹೊಸ ರಚನೆ ಎಂದ ಮೇಲೆ ಉದ್ಘೋಷಕ ರಚಿಸಿದವನ ಹೆಸರು ಹೇಳಬೇಕು. ಮೈಕಿನಲ್ಲಿ, ದೇಶಕ್ಕೆಲ್ಲ ಕೇಳುವಂತೆ, ಸರಿಯಾಗಿ ಆರ್ಕೆಸ್ಟ್ರಾ ಶುರು ಮಾಡುವ ಮುಂಚೆ. ಉದ್ಘೋಷಕ ಬೆಳಿಗ್ಗೆಯೇ ಬಂದು, ತನ್ನದೇನೂ ಅಭ್ಯಂತರವಿಲ್ಲ, ಆದರೆ ಪ್ರಸಾರಯಂತ್ರ ನೋಡಿಕೊಳ್ಳುವವನು ರಜೆ ಕೇಳುತ್ತಿದ್ದಾನೆ ಎಂದು ಹೇಳಿಹೋಗಿದ್ದನಂತೆ. "ಎರಡೂ ಕೇಳಬೇಡ," ಎಂದರು ಡಾನ್ ರೊಮುಲೊ. "ಹೆಸರು ಬೇಕು ಅಂದ್ರೆ ಆ ನಾಲ್ಕು ಆವರ್ತ ತುಂಬಿಸಿ ಕೊಡು, ಹುಡುಗರನ್ನ ನಾನು ಒಪ್ಪಿಸ್ತೀನಿ. ಅದು ಖಾಲಿ ಇರಲೇಬೇಕು ಅಂದ್ರೆ, ನಮ್ಮ ವಾದ್ಯವೃಂದದವರೊಬ್ಬರ ರಚನೆ, ಅಂತ ಹೇಳಿಸಿ ಮುಗಿಸೋಣ. ಯೋಚನೆ ಮಾಡು."

ಯೋಚನೆ ಮಾಡುವುದು ಏನಿತ್ತು? ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ನಿಂತು ಇತರರ ಟ್ಯಾಂಗೊಗಳಿಗೆ ನೆಲ ಹಾಕಿಕೊಡುವುದರಲ್ಲೇ ಅವನ ವಯಸ್ಸು ಕಳೆದಿತ್ತು. ಬೇಸ್ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಗೊತ್ತಾಗುತ್ತದೆ. ಒಮ್ಮೆ, ಒಂದೇ ಒಂದು ಸಲ, ರೇಡಿಯೋದಿಂದ ಡೆಲ್ಫೋರ್ ಕನೇಪಾ ಎಂದು ಕೇಳಿಸಿದರೆ, ಹೇಳಿದ ಮೇಲೂ ಸೂರು ಕುಸಿಯದೆ ನಿಂತಿದ್ದರೆ, ಎಲ್ಲವೂ ಮುಗಿಯುತ್ತಿತ್ತು. ಪೆನ್ಸಿಲ್ ಕೈಯಲ್ಲೇ ಇತ್ತು. ಬಂಡೋನಿಯನ್‌ಗಳಿಗೆ ನಾಲ್ಕು ಉದ್ದನೆಯ ಸ್ವರ, ಪಿಟೀಲುಗಳಿಗೆ ಬೆರಳಿನ ಮೀಟು, ಅಷ್ಟು ಸಾಕು. ಆದರೆ ಆಗ ಟ್ರಾಮಿನಿಂದ ಇಳಿದವನ ಜೊತೆ ಇಡೀ ಟ್ರಾಮೇ ಇಳಿದು ನಡೆದ ಹಾಗಾಗುತ್ತದೆ. ಈ ಟ್ಯಾಂಗೊ ಹುಟ್ಟಿದ್ದೇ ಹಿಂದೊಮ್ಮೆ ಟ್ರಾಮಿನಲ್ಲಿ ನಡೆದದ್ದರಿಂದ, ಅವತ್ತು ಡೆಲ್ಫೋರ್ ಒಬ್ಬನೇ ಇಳಿದದ್ದು. ತುಂತುರು ಮಳೆ. ಬಾರಾಕಾಸ್‌ನ ಸೇತುವೆಯ ಹತ್ತಿರ ಟ್ರಾಮ್ ನಿಂತಾಗ ಪಿಟೀಲಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಹತ್ತಿದವನು ಆ ಉದ್ದನೆಯವನು. ಹೆಸರು ನಿಕಾಸಿಯೊ ವೊಲ್ಪೆ. ಡೆಲ್ಫೋರ್ ಮನಸ್ಸಿನೊಳಗೆ ಕೂಡ ಹಾಗೆ ಕರೆಯುತ್ತಿರಲಿಲ್ಲ. ಹಿಂದೆ ಇದೇ ಆರ್ಕೆಸ್ಟ್ರಾದ ಮೊದಲ ಪಿಟೀಲು. ಅವನು ಸೇರಿದ ಮೇಲೆ ಇಬ್ಬರು ವಾದಕರು ಸತ್ತರು, ಒಂದು ನೃತ್ಯಶಾಲೆಯ ನೆಲ ಕುಸಿಯಿತು. ಆಮೇಲೆ ಅವನು ಉದ್ದನೆಯವನಾದ. ಅವನು ಕೋಣೆಗೆ ಬಂದರೆ ಎಡಗೈಗಳೆಲ್ಲ ಇಳಿಯುತ್ತಿದ್ದವು, ಡೆಲ್ಫೋರನದೂ. ಒಂದು ದಿನ ಬರುವುದು ನಿಲ್ಲಿಸಿದ. ಟ್ರಾಮಿನಲ್ಲಿ ಡೆಲ್ಫೋರನ ಪಕ್ಕದ ಜಾಗ ಖಾಲಿಯಿತ್ತು. ಉದ್ದನೆಯವನು ಅವನನ್ನು ನೋಡಿ, ಕೈಯನ್ನು ಅರ್ಧಕ್ಕೆ ಎತ್ತಿದ. ಡೆಲ್ಫೋರ್ ಕಿಟಕಿಯ ಕಡೆ ಮುಖ ತಿರುಗಿಸಿ, ಮುಂದಿನ ಸ್ಟಾಪಿಗೆ, ತಾನು ಇಳಿಯಬೇಕಾದ ಜಾಗಕ್ಕಿಂತ ಒಂದು ಸ್ಟಾಪ್ ಮೊದಲು, ಇಳಿದುಬಿಟ್ಟ. ಟ್ರಾಮ್ ಹಾದುಹೋಗುವಾಗ ಕಿಟಕಿಯಲ್ಲಿ ಕಾಣಿಸಿತು: ಎತ್ತಿದ್ದ ಕೈಯನ್ನು ಇಳಿಸಲು ನಾಚಿಕೆಯಾಗಿ ಆ ಮನುಷ್ಯ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಮಳೆಯಲ್ಲಿ ನೆನೆದು ನಡೆಯುತ್ತಿದ್ದಾಗ ಡೆಲ್ಫೋರನ ಕೈ ಕಿಸೆಯಲ್ಲೇ ಇತ್ತು, ಆ ದಿನ ಅವನಿಗೆ ಏನೂ ಕೆಟ್ಟದ್ದಾಗಲಿಲ್ಲ, ಅದನ್ನೂ ಅವನು ಕೈಯ ಲೆಕ್ಕಕ್ಕೇ ಬರೆದುಕೊಂಡಿದ್ದ. ಈಗ ಬರೆದ ಟ್ಯಾಂಗೊದಲ್ಲಿ ಬಂಡೋನಿಯನ್‌ಗಳು ತುಂಡು ತುಂಡಾಗಿ ಉಸಿರು ಬಿಟ್ಟು ಟ್ರಾಮನ್ನು ಓಡಿಸುತ್ತಿದ್ದವು, ಪಿಟೀಲು ಹತ್ತಿ ಬರುತ್ತಿತ್ತು, ಏನನ್ನೋ ಕೇಳಲು ಬಾಯಿ ತೆರೆಯುತ್ತಿತ್ತು, ಅಲ್ಲಿಗೆ ಎಲ್ಲ ನಿಂತು ಬೇಸ್ ನಾಲ್ಕು ಆವರ್ತ ಒಂಟಿಯಾಗಿ ನಡೆಯುತ್ತಿತ್ತು. ಮಾತು ಬರೆದಿದ್ದರೆ ಯಾರು ಹತ್ತಿದ್ದು, ಯಾರು ಇಳಿದದ್ದು ಎಂದು ಹೇಳಬೇಕಾಗುತ್ತಿತ್ತು. ವಾದ್ಯಕ್ಕೆ ಆ ತೊಂದರೆ ಇಲ್ಲ. ಒಳಗಿನದನ್ನೆಲ್ಲ ಹೇಳಿದರೂ ಯಾರ ಹೆಸರನ್ನೂ ಹೇಳುವುದಿಲ್ಲ.

"ಹೆಸರು ಬೇಡ ಮೇಷ್ಟ್ರೇ," ಎಂದ.

ಡಾನ್ ರೊಮುಲೊ ಕನ್ನಡಕದ ಮೇಲಿಂದ ನೋಡಿದರು. "ಸರಿ," ಎಂದರು. ಆಮೇಲೆ ಉಳಿದವರಿಗೆ: "ಯಾರೂ ಕಿಸೆಗೆ ಕೈ ಹಾಕಕೂಡದು."

ಮಧ್ಯಾಹ್ನ ಬಾಲ್ಡೊ ಅವನನ್ನು ಪಿಜ್ಜಾ ತಿನ್ನಲು ಕರೆದುಕೊಂಡು ಹೋದ. ಕೌಂಟರಿನ ಮುಂದೆ ನಿಂತೇ ತಿಂದರು, ಕಡಲೆಹಿಟ್ಟಿನ ತೆಳು ರೊಟ್ಟಿಯನ್ನು ಪಿಜ್ಜಾದ ಮೇಲೆ ಮುಚ್ಚಿಕೊಂಡು, ಹುಡುಗರಾಗಿದ್ದಾಗ ತಿನ್ನುತ್ತಿದ್ದ ಹಾಗೆಯೇ. ಬಾಲ್ಡೊ ಮಗಳ ಹಲ್ಲುನೋವು, ರೇಸಿಂಗ್ ಫುಟ್‌ಬಾಲ್ ತಂಡದ ಗೋಲ್‌ಕೀಪರ್, ಮನೆ ಮಾಲೀಕನ ಜಿಪುಣತನ, ಎಲ್ಲ ಹೇಳಿದ. ಒಳ್ಳೆಯ ಮನುಷ್ಯ. ಡೆಲ್ಫೋರನ ತಾಯಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

"ನೀನೇ ಶುರು ಮಾಡಿದ್ದು," ಎಂದ ಡೆಲ್ಫೋರ್.

"ತಮಾಷೆಗೆ ಅಂದದ್ದು. ಯಾರು ನಂಬ್ತಾರೆ ಅಂದ್ಕೊಂಡೆ."

"ನೀನು ನಂಬ್ತೀಯಾ?"

"ನಾನಾ? ಛೆ." ಬಾಲ್ಡೊ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. "ನಂಬಲ್ಲ. ಆದ್ರೆ ಮನೇಲಿ ಮಕ್ಕಳಿದಾವೆ."

"ನಂಬಲ್ಲ ಅಂದ್ರೆ ಒಂದ್ಸಲ ನನ್ನ ಹೆಸರು ಹೇಳು."

ಬಾಲ್ಡೊ ಅಗಿಯುವುದನ್ನು ನಿಲ್ಲಿಸಿದ. ಒಲೆಯ ಕಡೆ ನೋಡಿದ, ಬೀದಿಯ ಕಡೆ ನೋಡಿದ. "ಯಾಕೆ, ನಿಂಗೆ ಮರ್ತುಹೋಯ್ತಾ?" ಎಂದ. ತನ್ನ ಮಾತಿಗೆ ತಾನೇ ನಕ್ಕು, ಇಬ್ಬರ ದುಡ್ಡನ್ನೂ ಅವನೇ ಕೊಟ್ಟ. ಕೊಡುವಾಗ ಬಲಗೈಯನ್ನು ಮಾತ್ರ ಬಳಸಿದ. ಕೌಂಟರಿನ ಕೆಳಗೆ ಎಡಗೈ ಎಲ್ಲಿತ್ತೆಂದು ಡೆಲ್ಫೋರ್ ಬಗ್ಗಿ ನೋಡಲಿಲ್ಲ.

ಸಂಜೆ ನಿಲಯದ ಸಭಾಂಗಣ ತುಂಬಿತ್ತು. ಬಿಟ್ಟಿ ಟಿಕೆಟ್ಟಿನವರು, ಕೆಲಸ ಮುಗಿಸಿ ಬಂದ ಗುಮಾಸ್ತರು, ಟೋಪಿ ತೆಗೆಯದ ಹೆಂಗಸರು. ಹಿಂದಿನ ಗೋಡೆಗೆ ಒರಗಿ ನಿಂತವರಲ್ಲಿ ಒಬ್ಬನ ತಲೆ ಉಳಿದವರಿಗಿಂತ ಒಂದು ಗೇಣು ಮೇಲಿತ್ತು. ಡೆಲ್ಫೋರ್ ಆ ಕಡೆಯಿಂದ ಕಣ್ಣು ಕಿತ್ತು ಬೇಸಿನ ಕತ್ತಿನ ಮೇಲೆ ಇಟ್ಟ. ಊರಿನಲ್ಲಿ ಎತ್ತರದವರಿಗೇನು ಬರ. ಉದ್ಘೋಷಕ ಎಣ್ಣೆ ಸವರಿದ ದನಿಯಲ್ಲಿ, ಈಗ ಹೊಚ್ಚ ಹೊಸ ಟ್ಯಾಂಗೊ, 'ಒಂದು ಸ್ಟಾಪ್ ಮೊದಲು', ನಮ್ಮ ವಾದ್ಯವೃಂದದವರೊಬ್ಬರ ರಚನೆ, ಎಂದ. ಯಾರೋ ಒಬ್ಬರು. ಡೆಲ್ಫೋರನಿಗೆ ಅದನ್ನು ಕೇಳಿ ಏನೂ ಆಗಲಿಲ್ಲ, ಅಕ್ಕನ ಮನೆಯಲ್ಲಿ ರೇಡಿಯೋ ಮುಂದೆ ಕೂತ ಎರ್ಮಿಂದಾ ಈಗ ಏನು ಹೇಳುತ್ತಿರಬಹುದು, ಹೇಳುವಾಗ ಯಾವ ಪದ ಬಳಸುತ್ತಿರಬಹುದು ಎಂಬ ಯೋಚನೆಯೊಂದು ಬಿಟ್ಟರೆ. ಡಾನ್ ರೊಮುಲೊ ತಲೆಯಾಡಿಸಿದರು.

ಟ್ರಾಮ್ ಹೊರಟಿತು. ಬಂಡೋನಿಯನ್‌ಗಳು ಬಾಲ್ಡೊನ ಮೊಣಕಾಲಿನ ಜೊತೆಗೇ ಎದ್ದು ಬೀಳುತ್ತ, ಹಲ್ಲು ಕಚ್ಚಿದಂಥ ಸ್ವರಗಳನ್ನು ಉಗುಳಿದವು. ಬಾಲ್ಡೊ ಎಂದೂ ಇಷ್ಟು ಚೆನ್ನಾಗಿ ನುಡಿಸಿರಲಿಲ್ಲ, ಮತ್ತು ಅದನ್ನು ಮನಸ್ಸಿನಲ್ಲಾದರೂ ಚೆನ್ನಾಗಿದೆ ಅಂದುಕೊಳ್ಳಲು ಡೆಲ್ಫೋರನಿಗೆ ಧೈರ್ಯ ಬರಲಿಲ್ಲ. ಪಿಯಾನೊ ಕಂಬಿಗಳ ಮೇಲೆ ಚಕ್ರ ಜಾರುವಂತೆ ಕೆಳಗಿನಿಂದ ಮೇಲೆ ಬಂತು. ಪಿಟೀಲು ಹತ್ತಿತು. ಈಗಿನ ಮೊದಲ ಪಿಟೀಲಿನವನು ಅದನ್ನು ಪ್ರೇಮಗೀತೆ ಎಂದುಕೊಂಡು ನುಡಿಸುತ್ತಿದ್ದ. ತಪ್ಪಾದರೂ ಹಾನಿಯಿರಲಿಲ್ಲ, ಅಂಗಲಾಚುವವರ ದನಿ ಒಂದೇ ಥರ. ಅದು ಕೊನೆಯ ಸ್ವರವನ್ನು ಎತ್ತಿ ಹಿಡಿದು ಅರ್ಧಕ್ಕೆ ನಿಂತಿತು. ಎಲ್ಲವೂ ನಿಂತಿತು. ಡೆಲ್ಫೋರ್ ಬಿಲ್ಲು ಬಿಟ್ಟು ಬೆರಳಿನಿಂದ ನಡೆಯತೊಡಗಿದ. ಸಭಾಂಗಣದಲ್ಲಿ ಯಾರೂ ಕೆಮ್ಮಲಿಲ್ಲ.

ಮೊದಲ ಆವರ್ತದಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಮುಂದಿನ ಸಾಲಿನ ಬೆನ್ನುಗಳಲ್ಲಿ ಒಂದು ಅಲುಗಾಟ ಕಂಡಿತು. ಬಾಲ್ಡೊನ ಎಡ ಮೊಣಕೈ ಪಕ್ಕೆಗೆ ಸರಿಯಿತು. ಆಮೇಲೆ ಅವನ ಪಕ್ಕದವನದು, ಅವನ ಆಚೆಯವನದು. ಪಿಟೀಲಿನವರು ವಾದ್ಯವನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು ಕೈ ಬಿಡಿಸಿಕೊಂಡರು. ಪಿಯಾನೊದ ಹಿಂದೆ ಡಾನ್ ರೊಮುಲೊರ ಬೋಳುತಲೆ ಅಲುಗದೆ ನೇರವಾಗಿತ್ತು, ಅವರ ಎಡತೋಳು ಮಾತ್ರ ಕಾಣುತ್ತಿರಲಿಲ್ಲ. ಆಗ ಸದ್ದು ಬಂತು. ಅಷ್ಟು ಕಿಸೆಗಳಲ್ಲಿ ಅಷ್ಟು ಮನೆಗಳ ಬೀಗದ ಕೈಗಳು, ಒಂದಕ್ಕೊಂದು ತಾಗಿ, ಕಿಣಿ ಕಿಣಿ ಅಂದವು. ಮೈಕು ಅದನ್ನು ಎತ್ತಿಕೊಂಡಿತು. ಡೆಲ್ಫೋರನ ಬೆರಳು ಕಲಿತದ್ದನ್ನು ಬಿಡಲಿಲ್ಲ. ಅವನ ಎರಡೂ ಕೈ ವಾದ್ಯದ ಮೇಲಿದ್ದವು. ಇಡೀ ವೇದಿಕೆಯಲ್ಲಿ ಏನನ್ನೂ ಮುಟ್ಟಿಕೊಳ್ಳದೆ ಇದ್ದವನು ಅವನೊಬ್ಬನೇ. ನಾಲ್ಕನೆಯ ಆವರ್ತ ಮುಗಿಯುವಷ್ಟರಲ್ಲಿ ಬೆವರಿದ ಕೈಗಳು ವಾದ್ಯಗಳಿಗೆ ಮರಳಿದ್ದವು, ಬಂಡೋನಿಯನ್‌ಗಳು ಟ್ರಾಮನ್ನು ದೂರ ಒಯ್ದವು, ಪಿಟೀಲು ತೆಳ್ಳಗಾಗುತ್ತ ಹೋಗಿ ಕಾಣದಾಯಿತು.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಇನ್ನೊಮ್ಮೆ ಎಂದು ಕೂಗಿದರು. ಹಿಂದಿನಿಂದ ಯಾರೋ, "ಆ ಗೆಜ್ಜೆ ಸದ್ದು ಯಾವ ವಾದ್ಯದ್ದು?" ಎಂದು ಕೇಳಿದ್ದು ವೇದಿಕೆಯವರೆಗೂ ಬಂತು. ದೀಪಗಳು ಉರಿಯುತ್ತಲೇ ಇದ್ದವು. ಯಾರೂ ಸಾಯಲಿಲ್ಲ.

ಪ್ರಸಾರ ಮುಗಿದ ಮೇಲೆ ಡಾನ್ ರೊಮುಲೊ ಅವನ ಹತ್ತಿರ ಬಂದರು. ಸ್ವಲ್ಪ ನಾಚಿಕೊಂಡಿದ್ದರು, ಬಹಳ ಖುಷಿಯಾಗಿದ್ದರು. "ನಿಲಯದ ನಿರ್ದೇಶಕರು ಫೋನ್ ಮಾಡಿದ್ರು. ಟ್ರಾಮಿನ ಕಂಡಕ್ಟರು ಚಿಲ್ಲರೆ ಆಡಿಸಿದ ಹಾಗೆ ಕೇಳಿಸ್ತಂತೆ ಅದು. ಎಂಥ ಕಲ್ಪನೆ, ಅಂದ್ರು. ಅದು ಇರಲಿ. ಮುಂದಿನ ವಾರ ರೆಕಾರ್ಡಿಂಗ್‌ಗೆ ಹಾಳೇಲಿ ಬರೆದುಬಿಡು."

"ಏನಂತ ಬರೀಲಿ?"

"ಬೀಗದ ಕೈ, ಅಂತ. ಎರಡನೇ ಆವರ್ತದಿಂದ. ಎಲ್ಲರೂ." ಸ್ವಲ್ಪ ಯೋಚಿಸಿ, "ಬೇಸ್ ಬಿಟ್ಟು," ಎಂದರು.

ಸಭಾಂಗಣ ಖಾಲಿಯಾಗುತ್ತಿತ್ತು. ಡೆಲ್ಫೋರ್ ಬೇಸಿಗೆ ಕ್ಯಾನ್ವಾಸಿನ ಹೊದಿಕೆ ಹಾಕಿ, ಗುಂಡಿಗಳನ್ನು ಒಂದೊಂದಾಗಿ ಮುಚ್ಚಿದ. ಹಾಳೆಯಲ್ಲಿ ಅದನ್ನು ಹೇಗೆ ಬರೆಯುವುದು ಎಂದು ಆಗಲೇ ಯೋಚಿಸುತ್ತಿದ್ದ. ಸ್ವರವಿಲ್ಲದ್ದಕ್ಕೆ ಅಡ್ಡಗೀಟು ಹಾಕಬಹುದು. ಪ್ರತಿ ರಾತ್ರಿ, ಪ್ರತಿ ಕ್ಲಬ್ಬಿನಲ್ಲಿ, ಆ ಜಾಗ ಬಂದಾಗ ಇವರೆಲ್ಲ ಅವನು ಬರೆದುಕೊಟ್ಟಂತೆ ಅವನಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಅದರಲ್ಲಿ ನಗುವಂಥದ್ದೂ ಇತ್ತು, ಆದರೆ ಎರ್ಮಿಂದಾಳಿಗೆ ಹೇಳಿ ನಗಬೇಕಾದರೆ ಮೊದಲು ಅವಳು ಯಾವ ಕಡೆ ಎಂದು ಗೊತ್ತಾಗಬೇಕಿತ್ತು.

"ಡೆಲ್ಫೋರ್."

ಹಿಂದಿನಿಂದ ಬಂದ ದನಿ. ಮೆಲ್ಲಗೂ ಅಲ್ಲ, ಅಳುಕಿಯೂ ಅಲ್ಲ; ಮನುಷ್ಯರು ಮನುಷ್ಯರನ್ನು ಕರೆಯುವ ಹಾಗೆ. "ಡೆಲ್ಫೋರ್ ಕನೇಪಾ. ನಿಂದೇ ತಾನೆ ಅದು? ಅವರು ಹೇಳದಿದ್ರೂ ಗೊತ್ತಾಯ್ತು ನಂಗೆ."

ಉದ್ದನೆಯವನು ವೇದಿಕೆಯ ಕೆಳಗೆ ನಿಂತಿದ್ದ. ಬಡವಾಗಿದ್ದ, ಕೋಟಿನ ತೋಳಿನ ಅಂಚು ಹೊಳೆಯುತ್ತಿತ್ತು. ಟೋಪಿ ಕೈಯಲ್ಲಿತ್ತು. "ಆ ಪಿಟೀಲಿನ ಭಾಗ ನುಡಿಸೋಕೆ ನಂಗೆ ಆಸೆಯಾಯ್ತು," ಎಂದ. "ಆಮೇಲೆ ನೀನು ಒಬ್ಬನೇ ನಡೀತೀಯಲ್ಲ, ಅಲ್ಲಿ ಮಳೆ ಇತ್ತು. ಇತ್ತು ತಾನೆ?"

"ಇತ್ತು," ಎಂದ ಡೆಲ್ಫೋರ್. ಎಷ್ಟೋ ತಿಂಗಳಿಂದ ಕೇಳಬೇಕೆಂದಿದ್ದ ಎರಡು ಪದಗಳು ಯಾರೂ ಕೇಳಿಕೊಳ್ಳದೆ, ಯಾರೂ ಚೌಕಾಸಿ ಮಾಡದೆ, ಈ ಬಾಯಿಂದ ಬಂದಿದ್ದವು. ಇಳಿದು ಹೋಗಿ ಕೈ ಹಿಡಿದುಕೊಳ್ಳಬೇಕು, ಟ್ರಾಮಿನ ಮಾತು ಎತ್ತಬೇಕು, ಹೆಸರು ಹಿಡಿದು ಕರೆಯಬೇಕು, ನಿಕಾಸಿಯೊ, ಬಾ, ಕಾಫಿ ಕುಡಿಯೋಣ ಅನ್ನಬೇಕು ಎಂದುಕೊಳ್ಳುತ್ತಿದ್ದಾಗ, ಉದ್ದನೆಯವನ ಕಣ್ಣು ತನ್ನ ಮುಖದಿಂದ ಕೆಳಗೆ ಸರಿದು ಒಂದು ಕಡೆ ನಿಂತದ್ದನ್ನು ಕಂಡ. ತಾನೂ ಅಲ್ಲಿ ನೋಡಿದ. ಎಡಗೈ ಮಣಿಕಟ್ಟಿನವರೆಗೆ ಕಿಸೆಯಲ್ಲಿತ್ತು.

"ಪರವಾಗಿಲ್ಲ," ಎಂದ ಉದ್ದನೆಯವನು. ಟೋಪಿ ಹಾಕಿಕೊಂಡು, ಅಂಚನ್ನು ಎರಡು ಬೆರಳಿನಿಂದ ಸರಿಮಾಡಿಕೊಂಡ. "ಚೆನ್ನಾಗಿತ್ತು."

ಅವನು ಸಾಲು ಕುರ್ಚಿಗಳ ನಡುವೆ ಬಾಗಿಲಿನವರೆಗೆ ಹೋಗುವುದನ್ನು ಡೆಲ್ಫೋರ್ ನಿಂತು ನೋಡಿದ. ಕೂಗಲು ಬಾಯಿ ತೆರೆದಿತ್ತು. ಕಿಸೆಯೊಳಗೆ, ಬೆರಳುಗಳ ನಡುವೆ, ಬೀಗದ ಕೈ ಆಗಲೇ ಬೆಚ್ಚಗಾಗಿತ್ತು.